ಮುಚ್ಚೋ ಕ್ಲಾಸಿನಲ್ಲಿ ಸೋಪಿನ ಪಾಠ

ಇವತ್ತೋ ನಾಳೆಯೋ ಮುಚ್ಚಿಹೋಗುವ ಕ್ಲಾಸಿಗೆ ಪಾಠ ಹೇಳುವ ಮೇಷ್ಟ್ರಿಗೆ ನಗುವ ಮನಸ್ಸಿರುವುದಿಲ್ಲ. ನಗೆಪಾಟಲಿಗೆ ಮಾತ್ರ ಬರವೇ ಇಲ್ಲ. ತೊಂಬತ್ತರ ದಶಕದಲ್ಲಿ ನಾನು ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿಯೊಂದರ ಜೂನಿಯರ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಿದ್ದೆ. ಸೈನ್ಸಿಗೆ ಇದ್ದವರು ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಮುಚ್ಚಿದರೆ ಹುಡುಗರು ಬಸ್ಸು ಹತ್ತಿ ಪೇಟೆಗೆ ಹೋಗುತ್ತಿದ್ದರು. ಹುಡುಗಿಯನ್ನು ಕಳಿಸುವುದಿಲ್ಲ ಎಂದು ಅವಳಪ್ಪ ಮೊದಲೇ ಹೇಳಿಬಿಟ್ಟಿದ್ದ.

ತಲೆ ಮತ್ತು ಬಾಲ

ಬೋರ್ಡಿನ ಮೇಲೆ ಕಪ್ಪೆಮರಿಯಂಥ ಚಿತ್ರ ಬರೆದೆ. "ಇದು ಸೋಪಿನ ಒಂದು ಅಣು. ತಲೆಗೆ ನೀರು ಇಷ್ಟ. ಬಾಲಕ್ಕೆ ನೀರು ಕಂಡರಾಗದು, ಎಣ್ಣೆಜಿಡ್ಡು ಬೇಕು. ಬಾಲಗಳು ಜಿಡ್ಡಿಗೆ ಚುಚ್ಚಿಕೊಳ್ಳುತ್ತವೆ, ತಲೆಗಳು ನೀರಿನ ಕಡೆ ಉಳಿಯುತ್ತವೆ. ಹಾಗೆ ಜಿಡ್ಡು ಉಂಡೆಯಾಗಿ ನೀರಿನ ಜೊತೆ ಹೋಗಿಬಿಡುತ್ತೆ."

ಒಬ್ಬ ಹುಡುಗ ಎದ್ದ. "ನಮ್ ಚಿಕ್ಕಪ್ಪನೂ ಅಂಗೇಯ ಸಾ. ಸ್ನಾನ ಅಂದ್ರೆ ಆಗಾಕಿಲ್ಲ, ಬೋಂಡ ಕಂಡ್ರೆ ಅಂಟ್ಕತನೆ. ಅವನೂ ಸೋಪಾ ಸಾ?"

ನನಗಿಂತ ಮೊದಲೇ ಹುಡುಗಿ ಹೇಳಿದಳು. "ಸೋಪಲ್ಲ ಕಣ್ಲಾ, ಬರೀ ಬಾಲ!"

ಗಡಸು ನೀರು

ಊರಿನದು ಬೋರ್‌ವೆಲ್ ನೀರು. ಅದರೊಳಗಿನ ಕ್ಯಾಲ್ಸಿಯಂ ಸೋಪನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ನೊರೆ ಬರದೆ ಬಿಳಿ ಗಸಿ ಕೂರುತ್ತದೆ ಎಂದು ಹೇಳಿದ್ದೆ. ಮಾರನೇ ದಿನ ಹುಡುಗಿಯ ತಾಯಿ ಸ್ಟಾಫ್‌ರೂಮಿಗೇ ಬಂದರು.

"ಏನ್ ಸಾ ಕಲಿಸ್ತಿದ್ದೀರಿ? ಬಟ್ಟೆ ಒಗಿಯೇ ಅಂದ್ರೆ, ಈ ನೀರ್ನಲ್ಲಿ ಸೋಪು ದಂಡ, ಮಳೆ ಬರ್ಲಿ ಅಂತ ಕುಂತವಳೆ!"

"ಅವಳು ಹೇಳಿದ್ದು ಸರಿ ಕಣಮ್ಮ. ಮಳೆನೀರು ಮೆದು."

ಆಯಮ್ಮ ನನ್ನ ಅಂಗಿಯ ಕಾಲರನ್ನು ದಿಟ್ಟಿಸಿ ನೋಡಿದರು. "ಓ, ನೀವೂ ಮಳೆಗೇ ಕಾಯ್ತಾ ಇದ್ದೀರಾ!"

ಸಾಹೇಬರು ಬಂದ ದಿನ

ಸೈನ್ಸ್ ಉಳಿಸಬೇಕೋ ಬೇಡವೋ ಎಂದು ನೋಡಲು ಮೇಲಿನ ಸಾಹೇಬರೊಬ್ಬರು ಬಂದರು. ಹಿಂದಿನ ದಿನವೇ ಹುಡುಗಿಗೆ ಒಂದು ಪ್ರಯೋಗ ಅಭ್ಯಾಸ ಮಾಡಿಸಿದ್ದೆ. ಬೋಗುಣಿಯ ನೀರಿನ ಮೇಲೆ ಬ್ಲೇಡನ್ನು ಮೆಲ್ಲಗೆ ಮಲಗಿಸಿದರೆ ತೇಲುತ್ತದೆ. ನೀರಿನ ಮೇಲ್ಮೈ ಬಿಗಿಯಾಗಿ ಎಳೆದುಕೊಂಡು ಅದನ್ನು ಹೊರುತ್ತದೆ. ಒಂದು ತೊಟ್ಟು ಸೋಪಿನ ನೀರು ಬಿಟ್ಟರೆ ಆ ಎಳೆತ ಸಡಿಲವಾಗಿ ಬ್ಲೇಡು ಮುಳುಗುತ್ತದೆ.

ಹುಡುಗಿ ಬ್ಲೇಡು ಇಟ್ಟಳು. ಮುಳುಗಿತು. ಒರೆಸಿ ಮತ್ತೆ ಇಟ್ಟಳು. ಮತ್ತೆ ಮುಳುಗಿತು. ಮುಂದೆ ಜೂನ್ ತಿಂಗಳಲ್ಲಿ ಸೈನ್ಸ್ ಮುಚ್ಚಿಯೇ ಹೋಯಿತು, ಹುಡುಗಿ ಅಲ್ಲೇ ಆರ್ಟ್ಸಿಗೆ ಸೇರಿದಳು. ಬ್ಲೇಡು ತೇಲಿದ್ದರೂ ಮುಚ್ಚುತ್ತಿದ್ದರೇನೋ. ಆದರೆ ಆ ಗಳಿಗೆಯಲ್ಲಿ ನಮ್ಮ ಜೀವವೆಲ್ಲ ಆ ಬೋಗುಣಿಯೊಳಗೇ ಇತ್ತು.

ಸಾಹೇಬರು ಎದ್ದು ನಿಂತರು. "ಏನಮ್ಮಾ, ತೇಲುತ್ತೆ ಅಂದೆಯಲ್ಲ?"

"ನೆನ್ನೆ ತೇಲಿತ್ತು ಸಾ. ದೊಡ್ಡೋರು ಬತ್ತಾವ್ರೆ ಅಂತ ಬೆಳಿಗ್ಗೆ ಬೋಗುಣಿಗೆ ಸೋಪಿನ ಪುಡಿ ಆಕಿ ಚೆನ್ನಾಗಿ ಉಜ್ಜಿದ್ದೆ, ಅದಿನ್ನೂ ಅಂಟ್ಕಂಡದೆ." ಹುಡುಗಿ ಕಣ್ಣೊರೆಸಿಕೊಂಡು ಕುರ್ಚಿ ತೋರಿಸಿದಳು. "ಮುಳುಗೋ ಪಾಠ ಮೊದ್ಲು ಬಂದ್ಬುಡ್ತು ಸಾ. ಒಸಿ ಕುಂತ್ಕಳಿ, ತೇಲೋದ ಆಮೇಲೆ ತೋರುಸ್ತೀನಿ."