ಇಲ್ಲದ ಹುಣಸೆಮರದ ಎದುರು ಮನೆ

ತಪ್ಪೊಪ್ಪಿಗೆ ಮೊದಲೇ ಆಗಿಬಿಡಲಿ: ಅಂದು ಆಂಬ್ಯುಲೆನ್ಸ್ ತಡವಾದದ್ದು ಸಂಪೂರ್ಣವಾಗಿ ನನ್ನ ಪ್ರತಿಭೆಯಿಂದ. ಗಾಬರಿಯಾದರೆ ಕೆಲವರಿಗೆ ಬೆವರು ಬರುತ್ತದೆ. ನನಗೆ ಬೇರೆಯವರ ಧ್ವನಿ ಬರುತ್ತದೆ!

ಶ್ರೀರಾಂಪುರದ ನಮ್ಮ ಮನೆ ಓನರ್ ಪುಟ್ಟತಾಯಮ್ಮ, ಎಪ್ಪತ್ತೊಂದು ವರ್ಷ, ಬಟ್ಟೆ ಒಣಹಾಕಿ ಇಳಿಯುವಾಗ ಮಹಡಿ ಮೆಟ್ಟಿಲಿನಿಂದ ಜಾರಿ ಬಿದ್ದರು. ಹಣೆಯಲ್ಲಿ ರಕ್ತ, ಬಲಗಾಲು ಸೊಟ್ಟ. ನಾನು ಧೀರನಂತೆ ನೂರಾ ಹನ್ನೆರಡು ಒತ್ತಿದೆ. ಬಾಯಿಂದ ಹೊರಟದ್ದು ಟಿವಿ ವಾರ್ತೆಯವನ ಧ್ವನಿ.

"ಅತ್ಯಂತ ಆಘಾತಕಾರಿ ಘಟನೆಯೊಂದರಲ್ಲಿ..."

"ಎಲ್ಲಿ ಸರ್?" ಎಂದರು ಆ ಕಡೆಯ ಹೆಣ್ಣುಮಗಳು.

"ಮೆಟ್ಟಿಲ ಮೇಲೆ!"

"ಯಾವ ಊರಿನ ಮೆಟ್ಟಿಲು ಸರ್?"

"ಮೈಸೂರು, ಶ್ರೀರಾಂಪುರ. ಮುಂಚೆ ಹುಣಸೆಮರ ಇತ್ತಲ್ಲ, ಅದರ ಎದುರು."

"ಈಗ ಅಲ್ಲಿ ಏನಿದೆ?"

"ಈಗ ಮರ ಇಲ್ಲ ಮೇಡಂ! ಬೇಗ ಬನ್ನಿ!"

ಕರೆ ಕತ್ತರಿಸಿದೆ. ಕರ್ತವ್ಯ ಮುಗಿಯಿತಲ್ಲ! ಉದಯಗಿರಿಯಲ್ಲಿ ಗ್ಯಾರೇಜ್ ಇಟ್ಟಿರುವ ಅವರ ಮಗನಿಗೆ ಫೋನ್ ಮಾಡಿ, ಬಿದ್ದ ವೈಖರಿಯನ್ನು ಸವಿಸ್ತಾರವಾಗಿ, ಧ್ವನಿ ಸಮೇತ ವರ್ಣಿಸತೊಡಗಿದೆ.

"ಮಡಗೋ ಫೋನು!" ನೆಲದಿಂದ ಗರ್ಜನೆ. "ಅವರು ವಾಪಸ್ ಮಾಡುದ್ರೆ ಎಂಗೋ ಸಿಕ್ತದೆ?"

ಇಟ್ಟ ತಕ್ಷಣ ಫೋನ್ ರಿಂಗಾಯಿತು. ಅದೇ ಹೆಣ್ಣುಮಗಳು! ಪುಟ್ಟತಾಯಮ್ಮ ಮಲಗಿದಲ್ಲೇ ಕೈಚಾಚಿ ಫೋನ್ ಕಿತ್ತುಕೊಂಡರು.

"ಶ್ರೀರಾಂಪುರ, ನೀರಿನ ಟ್ಯಾಂಕ್ ಹಿಂದಿನ್ ರಸ್ತೆ, ಬಲಗಡೆ ಮೂರನೇ ಮನೆ, ನೀಲಿ ಗೇಟು. ಬಿದ್ದಿರೋಳು ನಾನೇ ಕಣಮ್ಮ. ಹಣೆಲಿ ರಕ್ತ, ಬಲಗಾಲು ಅಳ್ಳಾಡ್ಸಕ್ಕೆ ಆಯ್ತಿಲ್ಲ. ಎಚ್ಚರ ಐತೆ."

ಜೊತೆಗೆ ಯಾರಿದ್ದಾರೆ ಎಂದು ಕೇಳಿದರೆಂದು ತೋರುತ್ತದೆ.

"ಒಬ್ಬ ಅವ್ನೆ. ಇದ್ದೂ ಇಲ್ದಂಗೆ."

ಪುಟ್ಟತಾಯಮ್ಮನವರ ಆಜ್ಞೆಯಂತೆ ರಸ್ತೆಗೋಡಿ ಟವೆಲ್ ಬೀಸಿದೆ. ಮೊದಲು ನಿಂತದ್ದು ಕಸದ ಆಟೋ. ಎರಡನೆಯದು ಸಾಕ್ಷಾತ್ ಆಂಬ್ಯುಲೆನ್ಸ್! ನೀಲಿ ಗೇಟಿಗೇ ನೆಟ್ಟಗೆ ಬಂತು, ಯಾವ ಮರವನ್ನೂ ಹುಡುಕದೆ.

ಹಣೆಗೆ ಹೊಲಿಗೆ, ಕಾಲಿಗೆ ಬ್ಯಾಂಡೇಜು. ಇನ್ನು ಭಯವಿಲ್ಲ ಎಂದರು ಡಾಕ್ಟರು. ಮರುದಿನ ಹಾಸಿಗೆ ಸುತ್ತ ನೆರೆದ ಬಂಧುಗಳೆಲ್ಲ "ನೀನಿಲ್ದಿದ್ರೆ ಏನ್ ಗತಿಯಪ್ಪಾ!" ಎಂದು ನನ್ನ ಬೆನ್ನು ತಟ್ಟಿದರು. ನಾನು ಎದೆಯುಬ್ಬಿಸಿ, ಮಂತ್ರಿಗಳ ಧ್ವನಿಯಲ್ಲಿ, "ಇದು ನನ್ನ ಅಳಿಲುಸೇವೆ. ಮುಂದೆಯೂ ಸದಾ ಸಿದ್ಧ!" ಎಂದು ಘೋಷಿಸಿದೆ.

ಪುಟ್ಟತಾಯಮ್ಮ ದಿಂಬಿನಿಂದ ತಲೆ ಎತ್ತಿದರು.

"ಇನ್ನೊಂದ್ ಸಲ ನೀನ್ ಬೀಳಪ್ಪ. ಫೋನ್ ನಾನ್ ಮಾಡ್ತೀನಿ."