ಹುಲ್ಲಿಗೆ ಕ್ಷೌರ

ಅವತ್ತಿನ ಫಜೀತಿಗೆಲ್ಲ ಮೂಲ ಒಂದು ಕತ್ತರಿ. ಹಾಗಂತ ಕತ್ತರಿಯದೂ ತಪ್ಪಲ್ಲ, ಅದನ್ನು ಹಿಡಿದ ಕೈಯದೂ ತಪ್ಪಲ್ಲ. ಬೆಳಗ್ಗೆ ಎಂಟು ಗಂಟೆಗೆ ಆ ಕೈಗೆ ಒಂದೂ ತಲೆ ಸಿಗಲಿಲ್ಲ, ಅಷ್ಟೇ.

ಬಡಾವಣೆಯ ಲೈಬ್ರರಿಯ ಹಿಂಬಾಗಿಲು ತೆಗೆದ ಹುಶ್ ಮಾಮ ಹೊಸ್ತಿಲ ಮೇಲೇ ನಿಂತುಬಿಟ್ಟ. ಹುಶ್ ಮಾಮ ಎಂಬುದು ಮಕ್ಕಳು ಇಟ್ಟ ಹೆಸರು. ಆ ಲೈಬ್ರರಿಯನ್ನು ನೋಡಿಕೊಳ್ಳುವವನು ಅವನೇ. ಹದಿನೆಂಟು ವರ್ಷದಿಂದ ಓದುಗರಿಗೆ "ಹುಶ್, ಮೆತ್ತಗೆ" ಅನ್ನುತ್ತ ಅನ್ನುತ್ತ ಅವನ ಸ್ವಂತ ಧ್ವನಿ ಗಂಟಲೊಳಗೆ ಗುಬ್ಬಚ್ಚಿಯ ಹಾಗೆ ಮುದುರಿ ಕೂತಿತ್ತು. ಬಸ್ಸಿನಲ್ಲಿ ತಾನು ಇಳಿಯುವ ಜಾಗ ಬಂದರೂ ಅವನು ಪಿಸುಗುಟ್ಟುವವನೇ. ಹಾಗಾಗಿ ದಿನವೂ ಎರಡು ಸ್ಟಾಪು ಆಚೆ ಇಳಿದು, ವಾಪಸ್ಸು ನಡೆದು ಬರುತ್ತಿದ್ದ.

ಹಿತ್ತಲ ಕಟ್ಟೆಯ ಮೇಲೆ ಎರಡು ತಗಡಿನ ಟ್ರೇಗಳಿದ್ದವು. ಬೇಕರಿಯವರು ಹಳೆಯದಾಯಿತೆಂದು ಕೊಟ್ಟವು. ಒಂದರಲ್ಲಿ ಬರೀ ಮಣ್ಣು. ಇನ್ನೊಂದರಲ್ಲಿ ಅದೇ ಮಣ್ಣಿಗೆ ಹುಲ್ಲಿನ ಬೀಜ ಹಾಕಿ, ಐದು ವಾರ ಕೂಸಿಗೆ ಹಾಲೂಡಿಸಿದ ಹಾಗೆ ನೀರು ಚಿಮುಕಿಸಿ, ಗೇಣುದ್ದ ಬೆಳೆಸಿದ್ದ. ಶನಿವಾರದ ಮಕ್ಕಳಿಗೆ ಇವತ್ತು ಮಣ್ಣು-ನೀರಿನ ಪಾಠ. ಟ್ರೇಗಳನ್ನು ಓರೆಯಾಗಿ ಇಟ್ಟು ನೀರು ಸುರಿದರೆ ಬೋಳು ಮಣ್ಣಿನಿಂದ ಕೆಸರು ಹರಿಯುತ್ತದೆ, ಹುಲ್ಲಿರುವ ಮಣ್ಣಿನಿಂದ ತಿಳಿನೀರು. ಮಕ್ಕಳು ಅದನ್ನು ಕಣ್ಣಾರೆ ಕಂಡರೆ ಸಾಕು, ಜಾಸ್ತಿ ಮಾತೇ ಬೇಕಾಗಿಲ್ಲ. ಆ ಪಾಠ ಅವನಿಗೆ ಹಿಡಿಸಿದ್ದೂ ಅದಕ್ಕೇ.

ಈಗ ನೋಡಿದರೆ ಎರಡೂ ಟ್ರೇ ಬೋಳು.

"ಹೇಗಿದೆ ಸಾರ್?" ಪಕ್ಕದ ಅಂಗಡಿಯ ಕ್ಷೌರಿಕ ಬೇಲಿಯಾಚೆಯಿಂದ ಮುಖ ತೋರಿಸಿದ. ಮುಖದ ತುಂಬ ಪುಣ್ಯ ಮಾಡಿದವನ ಕಳೆ. "ದೊಡ್ಡೋರು ಬರ್ತಾರೆ ಅಂತ ನೀವೇ ಹೇಳಿದ್ರಲ್ಲ. ಬೆಳಗ್ಗೆ ನೋಡ್ತೀನಿ, ಹುಲ್ಲು ತಿಂಗಳಿಂದ ಕತ್ತರಿ ಕಾಣದ ತಲೆ ಥರ ಕೆದರಿಕೊಂಡಿತ್ತು. ಮನಸ್ಸು ತಡೀಲಿಲ್ಲ. ಮೊದಲು ಕತ್ತರಿ ಹಾಕಿದೆ. ಅಲ್ಲಲ್ಲಿ ಏರುಪೇರು ಕಾಣ್ತು. ಹಾಳಾಗ್ಲಿ ಅಂತ ನುಣ್ಣಗೆ ಶೇವ್ ಮಾಡಿಬಿಟ್ಟೆ."

"ಅಯ್ಯೋ ಮಾರಾಯಾ," ಅಂದ ಹುಶ್ ಮಾಮ. ಅದು ಅವನ ಜೀವಮಾನದ ದೊಡ್ಡ ಕೂಗು. ಕ್ಷೌರಿಕನಿಗೆ ಕೇಳಿಸಲಿಲ್ಲ.

"ಥ್ಯಾಂಕ್ಸ್ ಎಲ್ಲ ಯಾಕೆ ಸಾರ್, ನಾವೇನು ಹೊರಗಿನೋರಾ," ಅಂದು ಅವನು ಅಂಗಡಿಗೆ ಹೋದ.

ಹುಶ್ ಮಾಮ ದಡಬಡ ಕಟ್ಟೆಯ ಹತ್ತಿರ ಹೋದ. ಬರೀ ಪಾಠ ಕೆಟ್ಟರೆ ಅವನು ಇಷ್ಟು ಹೆದರುತ್ತಿರಲಿಲ್ಲ. ಬಡಾವಣೆ ಸಂಘದ ಅಧ್ಯಕ್ಷರಿಗೆ ಆ ಹಿತ್ತಲ ಮೇಲೆ ಕಣ್ಣು ಬಿದ್ದಿತ್ತು. ಅವರ ಮನೆಯ ಸುತ್ತ ಸಿಮೆಂಟು, ತಾರಸಿಗೆ ಸಿಮೆಂಟು, ಅಂಗಳದ ಮರದ ಬುಡಕ್ಕೂ ಮರ ಉಸಿರುಗಟ್ಟುವಷ್ಟು ಸಿಮೆಂಟು. ನೆಲ ಅಂದರೆ ಅವರ ಲೆಕ್ಕದಲ್ಲಿ ಕೆಲಸ ಮುಗಿಯದೆ ಉಳಿದ ಜಾಗ. ಲೈಬ್ರರಿಯ ಹಿತ್ತಲಿಗೂ ಸಿಮೆಂಟು ಹಾಕಿಸಿ ಸ್ಕೂಟರು ನಿಲ್ಲಿಸಬೇಕು ಎಂದು ತೀರ್ಮಾನಿಸಿ, ಸೋಮವಾರಕ್ಕೆ ಕಾಂಕ್ರೀಟು ಕಲೆಸುವ ಯಂತ್ರವನ್ನೂ ಗೊತ್ತುಮಾಡಿದ್ದರು. ಆದರೆ ಮಳೆ ಬಂದಾಗ ಬೀದಿಯ ನೀರೆಲ್ಲ ನುಗ್ಗಿ ಬರುವುದು ಆ ಹಿತ್ತಲಿಗೇ. ಬಾಯಾರಿದ ಎಮ್ಮೆಯ ಹಾಗೆ ಅದಷ್ಟನ್ನೂ ನೆಲ ಗಟಗಟ ಕುಡಿಯುತ್ತಿತ್ತು. ಕುಡಿಯದಿದ್ದರೆ ನೀರು ನೇರ ಲೈಬ್ರರಿಯೊಳಗೆ ಬರುತ್ತದೆ. ಮಕ್ಕಳ ಕತೆ ಪುಸ್ತಕಗಳಿರುವುದು ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ, ಪುಟ್ಟ ಕೈಗಳಿಗೆ ಎಟುಕಲಿ ಅಂತ.

ಇದನ್ನು ಅವನು ಅಧ್ಯಕ್ಷರಿಗೆ ಮೂರು ಸಲ ಹೇಳಿದ್ದ. ಪಿಸುದನಿಯಲ್ಲಿ. ಕೊನೆಗೆ ಅವರು, "ಆಯ್ತು ಕಣ್ರೀ, ಶನಿವಾರ ಬಂದು ನೋಡ್ತೀನಿ. ಈ ಮಣ್ಣಿಂದ ಮಕ್ಕಳು ಏನಾದ್ರೂ ಕಲಿಯೋದು ನನ್ನ ಕಣ್ಣಿಗೆ ಬಿದ್ರೆ ಸಿಮೆಂಟು ಬೇಡ. ಇಲ್ಲಾಂದ್ರೆ ಸೋಮವಾರ ಕೆಲಸ ಶುರು," ಅಂದಿದ್ದರು.

ಹುಶ್ ಮಾಮ ಬಗ್ಗಿ ಟ್ರೇಯನ್ನು ಹತ್ತಿರದಿಂದ ನೋಡಿದ. ಹುಲ್ಲು ಹೋದರೂ ಬೇರು ಒಳಗಿದೆಯಲ್ಲ. ಮಣ್ಣನ್ನು ಹಿಡಿದಿಡುವುದು ಬೇರು ತಾನೆ? ಎದೆಯಲ್ಲಿ ಒಂದು ಸಣ್ಣ ದೀಪ ಹತ್ತಿತು. ಟ್ರೇಯ ಅಂಚಿಗೆ ಸೀಮೆಸುಣ್ಣದಲ್ಲಿ 'ಹುಲ್ಲು' ಎಂದು ದಪ್ಪಗೆ ಬರೆದು, ನೀರಿನ ಕೊಡ ತರಲು ಒಳಗೆ ಹೋದ.

ಕೊಡ ತುಂಬಿಸಿ ಬರುವಷ್ಟರಲ್ಲಿ ಟೀಚರಮ್ಮ ಬಂದಿದ್ದರು.

ಟೀಚರಮ್ಮ ರಿಟೈರಾಗಿ ಹತ್ತು ವರ್ಷವಾಗಿತ್ತು. ಆ ಸಂಗತಿ ಅವರಿಗೆ ಬಿಟ್ಟು ಬಡಾವಣೆಗೆಲ್ಲ ಗೊತ್ತಿತ್ತು. ಹುಶ್ ಮಾಮ ಮೂರನೇ ಕ್ಲಾಸು ಓದಿದ್ದು ಅವರ ಕೈಯಲ್ಲೇ. ಇವತ್ತಿಗೂ ಅವರೆದುರು ಅವನ ಬಲಗೈ ತಾನೇ ತಾನಾಗಿ ಬೆನ್ನ ಹಿಂದೆ ಅಡಗುತ್ತಿತ್ತು.

"ಏನೋ ಇದು ಅವತಾರ? ದೊಡ್ಡೋರು ಬರೋ ಜಾಗ ಹೀಗಾ ಇಡೋದು?" ಅನ್ನುತ್ತ ಅವರು ಸೆರಗು ಬಿಗಿದು ನಿಂತಿದ್ದರು. "ಕಟ್ಟೆ ಒರೆಸಿದೀನಿ. ಆ ಹಾಳು ಟ್ರೇ ಮೇಲೆ ಯಾವನೋ ಗೀಚಿದ್ದ, ಉಜ್ಜಿ ತೆಗೆದೆ. ಒಂದರಲ್ಲಿ ಮಣ್ಣು ಮೂರು ದಿನದ ಗಡ್ಡ ಬಿಟ್ಟ ಹಾಗಿತ್ತು. ಜರಡಿ ಹಿಡಿದು ಎರಡಕ್ಕೂ ಹೊಸ ಮಣ್ಣು ಉದುರಿಸಿ ಸಮ ಮಾಡಿದೀನಿ. ನೋಡು, ಈಗ ಅಕ್ಕ ತಂಗಿ ಥರ ಇವೆ."

ನಿಜವಾಗಿಯೂ ಹಾಗೇ ಇದ್ದವು. ಹೆತ್ತ ತಾಯಿಗೂ ಗುರುತು ಸಿಗದ ಅವಳಿಗಳ ಹಾಗೆ.

"ಟೀಚರ್, ಹುಲ್ಲಿಂದು ಯಾವುದು?" ಅಂದ ಹುಶ್ ಮಾಮ.

"ಹುಲ್ಲೆಲ್ಲಿದೆಯೋ ಇಲ್ಲಿ?"

"ಒಳಗೆ ಬೇರಿದೆ, ಟೀಚರ್. ನೀವು ಎತ್ತಿಟ್ಟಾಗ ಎಡಗಡೆದು ಎಡಗಡೆನೇ ಇಟ್ರಾ?"

"ನಾನೇನು ಅದರ ಜಾತಕ ಬರೆದಿಟ್ಕೊಂಡಿದೀನಾ?"

ಅವನು ಮೆಲ್ಲಗೆ ತೋರುಬೆರಳನ್ನು ಮಣ್ಣಿನ ಕಡೆಗೆ ಚಾಚಿದ. ಒಂದಂಗುಲ ಚುಚ್ಚಿದರೂ ಬೇರು ಕೈಗೆ ಸಿಗುತ್ತಿತ್ತು. ಪಟ್ ಎಂದು ಕೈ ಮೇಲೆ ಏಟು ಬಿತ್ತು.

"ಈಗ ತಾನೇ ಸಮ ಮಾಡಿದೀನಿ. ಮುಟ್ಟಿದ್ರೆ ನೋಡು."

ನಲವತ್ತೆರಡು ವರ್ಷದ ಹುಶ್ ಮಾಮ ಕೈ ಹಿಂದಕ್ಕೆ ಎಳೆದುಕೊಂಡ. ಟೀಚರಮ್ಮ ಕಟ್ಟೆಯ ಪಕ್ಕ ಕುರ್ಚಿ ಹಾಕಿಕೊಂಡು ನಿಧಿ ಕಾಯುವ ಸರ್ಪದ ಹಾಗೆ ಕೂತರು.

ಹತ್ತು ಗಂಟೆಗೆ ಮಕ್ಕಳು ಬಂದವು. ಮೂವತ್ತೋ ನಲವತ್ತೋ, ಎಣಿಸಲು ಒಂದೂ ನಿಂತಲ್ಲಿ ನಿಲ್ಲಲಿಲ್ಲ. ಹತ್ತೂವರೆಗೆ ಅಧ್ಯಕ್ಷರು ಬಂದರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಬೂಟು. ಬಂದವರೇ ಹಿತ್ತಲನ್ನು ಹೆಜ್ಜೆಯಲ್ಲಿ ಅಳೆಯತೊಡಗಿದರು. "ಇಪ್ಪತ್ತು ಸ್ಕೂಟರು ಆರಾಮಾಗಿ ನಿಲ್ಲತ್ತೆ," ಎಂದು ತಮ್ಮಷ್ಟಕ್ಕೆ ಅಂದುಕೊಂಡದ್ದು ಹುಶ್ ಮಾಮನ ಕಿವಿಗೆ ಕಾದ ಎಣ್ಣೆ ಬಿದ್ದ ಹಾಗೆ ಬಿತ್ತು.

"ಶುರು ಮಾಡ್ರಿ ಲೈಬ್ರರಿಯವರೇ."

ಹುಶ್ ಮಾಮ ಶುರು ಮಾಡಿದ. ತುಟಿ ಅಲ್ಲಾಡಿತು.

"ಏನಂದ್ರು?" ಅಂದರು ಅಧ್ಯಕ್ಷರು.

"ಮಣ್ಣು ಅಂದ್ರು," ಅಂದ ಬೇಲಿಯಾಚೆಯ ಕ್ಷೌರಿಕ. ಅಂಗಡಿ ಬಿಟ್ಟು ಬಂದು ನಿಂತಿದ್ದ.

"ಎರಡು ತಟ್ಟೆ ಮಣ್ಣು ತೋರಿಸೋಕೆ ನನ್ನನ್ನ ಕರೆಸಿದ್ರಾ? ಬೇಕಿದ್ರೆ ನಾನು ಎರಡು ಲಾರಿ ತರಿಸ್ತಿದ್ದೆ."

ಇನ್ನು ತಡ ಮಾಡುವ ಹಾಗಿರಲಿಲ್ಲ. ಎಡವೋ ಬಲವೋ? ಹುಶ್ ಮಾಮ ಕಣ್ಣು ಮುಚ್ಚಿ, ತೆಗೆದು, ಎಡಗಡೆಯ ಟ್ರೇಯನ್ನು ಇಟ್ಟಿಗೆಯ ಮೇಲೆ ಓರೆ ಮಾಡಿ ಕೈ ತೋರಿಸಿದ. "ಇದ್ರೊಳಗೆ ಹುಲ್ಲಿನ ಬೇರಿದೆ. ನೀರು ಹಾಕಿದ್ರೆ ತಿಳಿಯಾಗಿ ಬರತ್ತೆ. ನೋಡಿ."

ಅಧ್ಯಕ್ಷರು ಕೇಳಿಸಲಿಲ್ಲವೆಂದು ಮೂರು ಹೆಜ್ಜೆ ಮುಂದೆ ಬಂದು ಟ್ರೇಯ ಬಾಯಿಗೆ ಸರಿಯಾಗಿ ನಿಂತರು. ಹುಶ್ ಮಾಮ ಕೊಡ ಬಗ್ಗಿಸಿದ.

ಟ್ರೇಯ ಮಣ್ಣೆಲ್ಲ ಎದ್ದು ಹೊರಟಿತು. ಚಹಾದ ಬಣ್ಣದ ಕೆಸರು ಭರ್ರನೆ ಬಂದು, ನೀರು ಹಿಡಿಯಲೆಂದು ಕೆಳಗಿಟ್ಟಿದ್ದ ಬಾಟಲಿಯನ್ನು ದಾಟಿ, ಅಧ್ಯಕ್ಷರ ಮೊಣಕಾಲಿಂದ ಬೂಟಿನವರೆಗೆ ಒಂದು ನಕ್ಷೆ ಬರೆಯಿತು. ನದಿ, ಉಪನದಿ, ಮುಖಜಭೂಮಿ, ಎಲ್ಲ ಇದ್ದವು.

ಹಿತ್ತಲು ಗಪ್‌ಚಿಪ್ಪಾಯಿತು. ಹದಿನೆಂಟು ವರ್ಷದಲ್ಲಿ ಅಷ್ಟು ನಿಶ್ಶಬ್ದವನ್ನು ಲೈಬ್ರರಿಯ ಒಳಗೂ ಹುಶ್ ಮಾಮ ಕಂಡಿರಲಿಲ್ಲ.

"ಇದಾ ತಿಳಿನೀರು?" ಅಂದರು ಅಧ್ಯಕ್ಷರು. ದನಿ ತಣ್ಣಗಿತ್ತು. ಜೇಬಿನಿಂದ ಫೋನು ತೆಗೆದರು. ಯಂತ್ರದವನಿಗೇ ಇರಬೇಕು ಅಂದುಕೊಂಡ ಹುಶ್ ಮಾಮ, ಕೊಡ ಹಿಡಿದುಕೊಂಡು ಹಾಗೇ ನಿಂತ.

ಆಗ ಎರಡು ಜಡೆಯ ಹುಡುಗಿಯೊಬ್ಬಳು ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದಳು. ವಾರಕ್ಕೆ ನಾಲ್ಕು ಪುಸ್ತಕ ಓದಿ, ಐದನೆಯದಕ್ಕೆ ಜಗಳ ಆಡುವವಳು. "ಮಾಮ, ನೀವು ತಪ್ಪು ಹೇಳಿದ್ರಿ. ಇದು ಬೋಳು ಮಣ್ಣು. ನೀರೇ ಹೇಳ್ತಿದೆ ನೋಡಿ. ಇನ್ನೊಂದಕ್ಕೆ ಹಾಕಿ."

"ಹಾಕಿ ಮಾಮ, ಹಾಕಿ," ಅಂದವು ಉಳಿದ ಮಕ್ಕಳು. ಯಾರಿಗೂ ಕಾಯದೆ ಆ ಹುಡುಗಿಯೇ ಬಲಗಡೆಯ ಟ್ರೇಯನ್ನು ಇಟ್ಟಿಗೆಯ ಮೇಲೆ ಎಳೆದು, ಕೊಡಕ್ಕೆ ಕೈ ಕೊಟ್ಟಳು.

ಮೊದಲ ಗುಟುಕು ಕದಡಿ ಬಂತು. ಅದು ಟೀಚರಮ್ಮನ ಜರಡಿ ಮಣ್ಣು. ಆಮೇಲೆ ಬಂದ ನೀರಿನಲ್ಲಿ ಮಕ್ಕಳು ಮುಖ ನೋಡಿಕೊಂಡವು. ಮೇಲಿನ ಮಣ್ಣು ತೊಳೆದುಹೋಗಿ, ಬೋಳಿಸಿದ ಹುಲ್ಲಿನ ಕೂಳೆ ಇಣುಕಿತು.

ಅಧ್ಯಕ್ಷರ ಕೈಯಲ್ಲಿ ಫೋನು ಹಾಗೇ ಉಳಿಯಿತು. ಬಗ್ಗಿ ಟ್ರೇಯ ಅಂಚಿಗೆ ಬೆರಳು ತೂರಿಸಿ ಎತ್ತಿದರು. ಮಣ್ಣು ಕಂಬಳಿಯ ಹಾಗೆ ಇಡಿಯಾಗಿ ಮೇಲೆದ್ದು ಬಂತು. ಅಡಿಯಲ್ಲಿ ಅಜ್ಜಿಯ ಕೂದಲಿನಂಥ ಬಿಳೀ ಬೇರು, ಒಂದಕ್ಕೊಂದು ಹೆಣೆದುಕೊಂಡು. ಅಲ್ಲಾಡಿಸಿದರು. ಹಿಡಿ ಮಣ್ಣೂ ಉದುರಲಿಲ್ಲ.

"ಅಲ್ರೀ," ಅಂದರು ಅಧ್ಯಕ್ಷರು. ದನಿ ಎಲ್ಲೋ ಚಿಕ್ಕದಾಗಿತ್ತು. "ಮೇಲೆ ಏನೂ ಇಲ್ಲ. ಒಳಗೆ ಇಷ್ಟೊಂದಾ?"

"ಬೆಳಗ್ಗೆ ಶೇವ್ ಮಾಡಿದ್ದು ನಾನೇ ಸಾರ್," ಅಂದ ಕ್ಷೌರಿಕ.

ಆಮೇಲೆ ಪಾಠವನ್ನು ಯಾರೂ ಹಿಡಿದು ನಿಲ್ಲಿಸುವ ಹಾಗಿರಲಿಲ್ಲ. "ಮಳೆ ಬಂದ್ರೆ ಈ ಹಿತ್ತಲು ಎಷ್ಟು ನೀರು ಕುಡಿಯತ್ತೆ?" ಎಂದು ಕೇಳಿದವರು ಸ್ವತಃ ಅಧ್ಯಕ್ಷರು. ಮಕ್ಕಳು ಲೈಬ್ರರಿಯ ಮುಂಬಾಗಿಲ ಸಿಮೆಂಟು ಮೆಟ್ಟಿಲಿಗೆ ಒಂದು ಬಕೆಟ್ ಸುರಿದವು. ನೀರು ಎದ್ದುಬಿದ್ದು ಬೀದಿಗೆ ಓಡಿತು. ಹಿತ್ತಲಿಗೆ ಒಂದು ಬಕೆಟ್ ಸುರಿದವು. ನೆಲ ಗುಳುಗುಳು ಅಂದು ಅಷ್ಟನ್ನೂ ಕುಡಿದು ಸುಮ್ಮನಾಯಿತು. "ಇನ್ನೊಂದು," ಅಂದರು ಅಧ್ಯಕ್ಷರು. ಮತ್ತೆ ಕುಡಿಯಿತು. ಪ್ಯಾಂಟು ಮಡಚಿ, ಬೂಟು ಬಿಚ್ಚಿ, ಮಕ್ಕಳ ನಡುವೆ ಕುಕ್ಕರಗಾಲಲ್ಲಿ ಕೂತು, ಮಣ್ಣಿನ ಗುಳ್ಳೆಗಳಿಗೆ ಕಿವಿ ಕೊಟ್ಟರು. ಟೀಚರಮ್ಮ ಗಡಿಯಾರ ಹಿಡಿದು ಒಂದೊಂದು ಬಕೆಟ್ಟಿಗೂ ಎಷ್ಟು ನಿಮಿಷವೆಂದು ಬೋರ್ಡಿನಲ್ಲಿ ಬರೆದರು. ಕ್ಷೌರಿಕ ನೀರು ಹೊತ್ತು ಹೊತ್ತು ಒದ್ದೆ ಕಾಗೆಯಾದ.

ಹುಶ್ ಮಾಮನ ಗಂಟಲಲ್ಲಿ ಏನೋ ರೆಕ್ಕೆ ಬಡಿಯಿತು. "ಅಲ್ಲಿ ಬೇಡ, ಆ ಮೂಲೆ ಮರದ ಬುಡಕ್ಕೆ ಹಾಕ್ರೋ," ಎಂದು ಅವನು ಕೂಗಿದ. ಕೂಗಿಯೇ ಕೂಗಿದ. ಮಕ್ಕಳೆಲ್ಲ ತಿರುಗಿ ನೋಡಿದವು. "ಮಾಮಂಗೆ ವಾಯ್ಸ್ ಇದೆ," ಎಂದಳು ಎರಡು ಜಡೆಯವಳು.

ಹನ್ನೆರಡಕ್ಕೆ ಅಧ್ಯಕ್ಷರು ಕಟ್ಟೆ ಹತ್ತಿ ನಿಂತರು. ಮೂಗಿನ ತುದಿಗೂ ಕೆಸರು.

"ಅರವತ್ತು ವರ್ಷ ಈ ನೆಲದ ಮೇಲೆ ಓಡಾಡಿದೀನಿ. ಒಂದು ಸಲಾನೂ ಇದರ ಒಳಗೆ ಏನಿದೆ ಅಂತ ನೋಡಿರಲಿಲ್ಲ. ಇವತ್ತು ಮಕ್ಕಳ ಜೊತೆ ನಾನೂ ಕಲಿತೆ. ಇಲ್ಲಿ ಸ್ಕೂಟರು ನಿಲ್ಲಲ್ಲ. ಇದು ನನ್ನ ಮಾತು."

ಚಪ್ಪಾಳೆ ಬಿತ್ತು. ಹುಶ್ ಮಾಮನ ಕಣ್ಣಲ್ಲಿ ನೀರು ಬಂತು.

"ಇಂಥಾ ವಿದ್ಯೆ ಬಿಸಿಲು, ಮಳೆ, ಕೆಸರಲ್ಲಿ ಒದ್ದಾಡಬಾರದು," ಅಧ್ಯಕ್ಷರು ಮುಂದುವರಿಸಿದರು. "ಇದೇ ಜಾಗದಲ್ಲಿ, ಈ ಗೋಡೆಯಿಂದ ಆ ಬೇಲಿವರೆಗೆ, ಮಣ್ಣು ಮತ್ತು ನೀರು ಸಂರಕ್ಷಣಾ ಭವನ ಕಟ್ಟಿಸ್ತೀನಿ. ಟೈಲ್ಸ್ ನೆಲ, ನಲವತ್ತು ಕುರ್ಚಿ, ಒಂದು ವೇದಿಕೆ. ಒಂದು ಮಗುವಿನ ಕಾಲಿಗೂ ಮಣ್ಣು ತಾಗಬಾರದು. ಹೇಗಿದ್ರೂ ಸೋಮವಾರ ಯಂತ್ರ ಬರತ್ತೆ. ಅವತ್ತೇ ಶುರು."

ಚಪ್ಪಾಳೆ ಇನ್ನೂ ಜೋರಾಯಿತು.

"ಸಾರ್, ಭವನ ಬೇಡ," ಎಂದು ಹುಶ್ ಮಾಮ ಕೂಗಿದ. ಹಿತ್ತಲ ಮೂಲೆ ಮೂಲೆಗೂ ಕೇಳಿಸಿತು. "ನೆಲ ಹೀಗೇ ಇರ್ಲಿ ಸಾರ್. ದಯವಿಟ್ಟು."

"ನೋಡಿದ್ರಾ," ಅಂದರು ಅಧ್ಯಕ್ಷರು, ಎದೆ ಉಬ್ಬಿಸಿ. "ಇಷ್ಟೆಲ್ಲ ಮಾಡಿಯೂ ತನಗೇನೂ ಬೇಡ ಅಂತಾರೆ. ಇದು ದೊಡ್ಡತನ. ಭವನದ ಮೇಲ್ವಿಚಾರಕರು ಇವರೇ."

ಟೀಚರಮ್ಮ ಕಣ್ಣೊರೆಸಿಕೊಂಡರು. "ನನ್ನ ಕೈಯಲ್ಲಿ ಕಲಿತ ಹುಡುಗ," ಎಂದು ಪಕ್ಕದವರಿಗೆ ಹೇಳಿದರು.

"ಅಂಕಲ್," ಅಂದಳು ಎರಡು ಜಡೆಯವಳು, "ಆಮೇಲೆ ಮಳೆ ನೀರು ಎಲ್ಲಿಗೆ ಹೋಗತ್ತೆ?"

ಅಧ್ಯಕ್ಷರು ಖುಷಿಯಿಂದ ಅವಳ ತಲೆ ಸವರಿದರು. "ಜಾಣೆ. ಅದನ್ನೂ ಯೋಚನೆ ಮಾಡಿದೀನಿ. ನೀರು ಹರಿಯೋದು ನಿಮ್ಮ ಕಣ್ಣಿಗೆ ಬೀಳಬೇಕಲ್ಲ? ಇಳಿಜಾರು ಕೊಟ್ಟು ಸೀದಾ ಲೈಬ್ರರಿ ಬಾಗಿಲ ಕಡೆಗೇ ಬಿಡಿಸ್ತೀನಿ."

ಹುಶ್ ಮಾಮ ಒಳಗೆ ಹೋಗಿ, ನೆಲದ ಮೇಲೆ ಕೂತು, ಕೆಳಗಿನ ಸಾಲಿನ ಕತೆ ಪುಸ್ತಕಗಳನ್ನು ಒಂದೊಂದಾಗಿ ಮೇಲಿನ ಸಾಲಿಗೆ ಏರಿಸತೊಡಗಿದ. ಎರಡು ಜಡೆಯವಳು ಒಂದು ಕುರ್ಚಿ ಎಳೆದು ತಂದು ಹತ್ತಿ ನಿಂತು, ಕೈ ಚಾಚಿದಳು. "ಕೊಡಿ ಮಾಮ. ಇನ್ನೂ ಮೇಲಕ್ಕೇ ಇಡೋಣ."