ದುಃಖ ಹೇಳಹೋಗಿ ಕುರ್ಚಿ ಪಡೆದದ್ದು

"ಕ್ರಿಯಾಪದ ತಾನೇ? ಅದೇನು ಬ್ರಹ್ಮವಿದ್ಯೇನಾ? ಊರಿನ ಬೀಗಾನೆಲ್ಲ ತೆಗ್ದಿರೋನು ನಾನು, ಬೀಗರ ಭಾಷೆ ತೆಗೆಯೋಕಾಗಲ್ವಾ!" ಎಂದು ಬೀಗ ರಿಪೇರಿಯ ಯಜಮಾನರು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡರು.

ಸ್ಪ್ಯಾನಿಷ್ ಆಡುವ ಬೀಗರು, ಅಂದರೆ ಮಗಳ ಮಾವ, ಹಿಂದಿನ ದಿನ ತೀರಿಕೊಂಡಿದ್ದರು. ಬಸ್ಸು ಓಡಿಸಿ ನಿವೃತ್ತರಾದವರು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಇಬ್ಬರೂ ಭಾನುವಾರ ತಪ್ಪದೆ ಇಸ್ಪೀಟು ಆಡುತ್ತಿದ್ದರು. ಕಳ್ಳಾಟಕ್ಕೆ ಭಾಷೆ ಬೇಕಿರಲಿಲ್ಲ! ಅಂಥ ಗೆಳೆಯನ ಮನೆಯಲ್ಲಿ ಇಂದು ಮೂಕನಂತೆ ನಿಲ್ಲುವುದೇ? ಯಜಮಾನರು ಮಗಳ ಹಳೇ ಪುಸ್ತಕ ಹಿಡಿದು ಕೂತರು.

"ಇಲ್ನೋಡೇ, 'ಇರು' ಅನ್ನೋದಕ್ಕೇ ಎರಡು ಪದ! 'ಸೆರ್' ಅಂದ್ರೆ ಸ್ವಭಾವವಾಗಿ ಇರೋದು, 'ಎಸ್ತಾರ್' ಅಂದ್ರೆ ಸದ್ಯಕ್ಕೆ ಇರೋದು."

"ನಾವೆಲ್ಲ ಸದ್ಯಕ್ಕೇ ಇರೋದು ರೀ. ಬೇಗ ಶರಟು ಹಾಕ್ಕೊಳ್ಳಿ."

'ಸೆಂತಿರ್' ಎಂದರೆ ಅನುಭವಿಸು. 'ಲೋ ಸಿಯೆಂತೊ' ಎಂದರೆ ನನಗೂ ನೋವಾಗಿದೆ. ಹೆಂಡತಿಯ ಜೊತೆ ಹೊರಟು ಇಷ್ಟನ್ನು ದಾರಿಯುದ್ದಕ್ಕೂ ಜಪಿಸಿದರು. ಆದರೆ ಬಾಗಿಲು ತೆರೆದ ಬೀಗಿತ್ತಿಯ ಒಣಗಿದ ಕಣ್ಣು ಕಂಡದ್ದೇ ತಡ, 'ಲೋ' ಹಾರಿಹೋಗಿ, ಪುಸ್ತಕದ ಮುಂದಿನ ಸಾಲಿನ 'ಮೆ' ಬಂದು ವಕ್ಕರಿಸಿತು.

"ಮೆ ಸಿಯೆಂತೊ!" ಎಂದರು ಗದ್ಗದಿತರಾಗಿ.

ಅದರರ್ಥ, ನಾನು ಕೂರುತ್ತೇನೆ!

ಬೀಗಿತ್ತಿ ಕುರ್ಚಿ ತೋರಿಸಿದರು. ದುಃಖ ಹೇಳದೆ ಕೂರುವುದುಂಟೇ? ಯಜಮಾನರು ಎದೆಯ ಮೇಲೆ ಕೈಯಿಟ್ಟು ಇನ್ನೂ ಜೋರಾಗಿ, "ಮೆ ಸಿಯೆಂತೊ, ಮೆ ಸಿಯೆಂತೊ!" ಎಂದರು. ನೆಂಟರು ದಡಬಡ ಎದ್ದರು. ಸ್ಟೂಲು ಬಂತು, ಬೆಂಚು ಬಂತು, ಮೆತ್ತೆ ಬಂತು. ಯಾವುದರಲ್ಲೂ ಕೂರದೆ "ಕೂರುತ್ತೇನೆ" ಎನ್ನುವ ಈ ಮನುಷ್ಯನನ್ನು ಎಲ್ಲರೂ ಪಿಳಿಪಿಳಿ ನೋಡಿದರು. ಆಗ ಯಜಮಾನರಿಗೆ 'ಮಾಲ್' ಎಂದರೆ ಕೆಟ್ಟದ್ದು ಎಂಬುದು ನೆನಪಾಯಿತು.

"ಮೆ ಸಿಯೆಂತೊ ಮಾಲ್!"

ಮುಗಿಯಿತಲ್ಲ! ಈಗ ಅದು 'ನನಗೆ ಮೈ ಸರಿಯಿಲ್ಲ' ಎಂದಾಯಿತು. ಕೈ ಬೇರೆ ಎದೆಯ ಮೇಲೆ! ಇಬ್ಬರು ಕಂಕುಳಿಗೆ ಕೈಹಾಕಿ ಎತ್ತಿದರು. ಬೀಗಿತ್ತಿಯೇ ಕಿಟಕಿ ಪಕ್ಕದ ಆರಾಮಕುರ್ಚಿಯನ್ನು ಮುಂದೆಳೆದರು. ಯಾರೋ ಬೂಟು ಬಿಚ್ಚಿದರು, ಯಾರೋ ಆಂಬುಲೆನ್ಸಿಗೆ ಫೋನ್ ಹಚ್ಚಿದರು.

ಅಡುಗೆಮನೆಯಿಂದ ಮಗಳು ಓಡಿಬಂದಳು. "ಅಪ್ಪಾ! ಏನಾಯ್ತು?"

"ನಂಗೇನೂ ಆಗಿಲ್ಲ ಕಣೇ! ದುಃಖ ಆಗಿದೆ ಅಂತ ಹೇಳ್ತಿದೀನಿ, ಇವರು ಕೂರಿಸ್ತಿದಾರೆ!"

ಮಗಳು ವಿಷಯ ಬಿಡಿಸಿ ಹೇಳಿದಾಗ ಸಾವಿನ ಮನೆ ಗೊಳ್ಳೆಂದಿತು. ಬೀಗಿತ್ತಿಯೂ ನಕ್ಕರು. ಮಗಳು ಮಾತ್ರ ಬಗ್ಗಿ ಪಿಸುಗುಟ್ಟಿದಳು. "ಅಪ್ಪಾ, ಇದು ಮಾವನ ಕುರ್ಚಿ. ನಿನ್ನೆಯಿಂದ ಅತ್ತೆ ಯಾರನ್ನೂ ಇದರಲ್ಲಿ ಕೂರೋಕೆ ಬಿಟ್ಟಿರಲಿಲ್ಲ."

ಯಜಮಾನರು ಕೆಂಡ ಮುಟ್ಟಿದವರಂತೆ ಏಳಹೋದರು. ಬೀಗಿತ್ತಿ ಅವರ ಭುಜ ಒತ್ತಿ, ಬೇಡವೆಂದು ತಲೆಯಾಡಿಸಿದರು. ಗೆಳೆಯನ ಮೈಭಾರಕ್ಕೆ ತಗ್ಗಾಗಿದ್ದ ಆ ಕುರ್ಚಿಯಲ್ಲಿ ಯಜಮಾನರು ಬರಿಗಾಲಲ್ಲಿ ತಲೆತಗ್ಗಿಸಿ ಕೂತರು. ನಗುತ್ತಿದ್ದ ಬೀಗಿತ್ತಿಯ ತುಟಿ ಅದುರತೊಡಗಿದ್ದನ್ನು ಕಂಡು ಹೆಂಡತಿ ಅವರ ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಇಬ್ಬರೂ ಬಹಳ ಹೊತ್ತು ಹೊರಗೆ ಬರಲಿಲ್ಲ.

ಮನೆಗೆ ಮರಳುವಾಗ ಯಜಮಾನರು ಮೆಲ್ಲಗೆ ಕೇಳಿದರು. "ನಿಂಗೆ ಆ ಭಾಷೇಲಿ ಒಂದಕ್ಷರಾನೂ ಬರಲ್ಲ. ಒಳಗೆ ಅಷ್ಟೊತ್ತು ಏನ್ ಮಾತಾಡಿದ್ರಿ?"

"ಮಾತೇನ್ ಬಂತು ರೀ? ಅವರು ಅತ್ತರು, ನಾನೂ ಅತ್ತೆ." ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡರು. "ಕನ್ನಡದಲ್ಲೇ ಅತ್ತೆ. ಅವರಿಗೆ ತಿಳೀತು."